ಕ್ಯಾನ್ಸರ್ ಇರುವವರಿಗೆ ‘ಧೈರ್ಯವಾಗಿರಿ’ ಎನ್ನುವ ಮುನ್ನ

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ಕುರಿತು ಪತ್ರಿಕೆಗಳಲ್ಲಿ ಬರುವ ಬರಹಗಳಿಗೆ ಇರುವುದು ಮೂರೇ ಕ್ರಿಯಾಪದ: ಗೆದ್ದರು, ಮಣಿಸಿದರು, ಸೋತರು. ಗೆದ್ದವರ ಚಿತ್ರ ಪುರವಣಿಯಲ್ಲಿ, ಸೋತವರದು ನಿಧನ ವಾರ್ತೆಯಲ್ಲಿ. ಮೂರು ವಾರಕ್ಕೊಮ್ಮೆ ಕೀಮೋ, ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಎಂದು ಲೆಕ್ಕ ಇಟ್ಟುಕೊಂಡು, ಕಾಯಿಲೆಯ ಜೊತೆಗೇ ವರ್ಷಗಟ್ಟಲೆ ದಿನ ದೂಡುತ್ತಿರುವವರು ಯಾವ ಪುಟಕ್ಕೂ ಸೇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ಕ್ಕೆ ಕೊಟ್ಟ ಅಂದಾಜಿನಂತೆ, ಕಾಯಿಲೆ ಪತ್ತೆಯಾಗಿ ಐದು ವರ್ಷದೊಳಗಿದ್ದು ಬದುಕಿರುವವರೇ ಜಗತ್ತಿನಲ್ಲಿ ಸುಮಾರು 5.35 ಕೋಟಿ ಮಂದಿ. ಅವರೂ ಪತ್ರಿಕೆ ಓದುತ್ತಾರೆ.

ಉಪಶಮನ ಆರೈಕೆ (ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್) ಮತ್ತು ಆಪ್ತಸಮಾಲೋಚನೆಯ ಕೆಲಸದಲ್ಲಿರುವ ಕೆಲವರು ಸೇರಿ ಇದನ್ನು ಬರೆಯುತ್ತಿದ್ದೇವೆ. ಧೈರ್ಯ, ಭರವಸೆಗಳನ್ನು ರೋಗಿಯಿಂದ ಸಾಲದಂತೆ ವಸೂಲಿ ಮಾಡಲಾಗುತ್ತಿದೆ ಎಂಬುದು ನಮ್ಮ ತಕರಾರು. ಅವಕ್ಕೆ ಬೇಕಾದ ಸಾಮಗ್ರಿಯನ್ನು ಹೊಂದಿಸಿಕೊಡಬೇಕಾದವರು ಸುತ್ತಲಿನವರು: ಮನೆಯವರು, ವೈದ್ಯರು, ನೋಡಲು ಬರುವವರು, ಬರೆಯುವವರು. ಪತ್ರ ಉದ್ದವಾಗಿದೆ. ಕತ್ತರಿ ಹಾಕಲೇಬೇಕಾದರೆ ವಿಶೇಷಣಗಳಿಗೆ ಹಾಕಿ, ಅಂಕಿಗಳನ್ನು ಬಿಟ್ಟುಬಿಡಿ.

‘ಮನಸ್ಸು ಗಟ್ಟಿ ಇದ್ದರೆ ಕಾಯಿಲೆ ತಾನಾಗಿ ಓಡುತ್ತದೆ’ ಎಂಬ ಮಾತನ್ನು ಮೊದಲು ನೋಡೋಣ. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ತಲೆ ಮತ್ತು ಕತ್ತಿನ ಕ್ಯಾನ್ಸರ್ ಇದ್ದ 1,093 ಮಂದಿ ಚಿಕಿತ್ಸೆಯ ಆರಂಭದಲ್ಲಿ ಮಾನಸಿಕವಾಗಿ ಹೇಗಿದ್ದರು, ಆಮೇಲೆ ಎಷ್ಟು ಕಾಲ ಬದುಕಿದರು ಎಂಬುದನ್ನು ಜೇಮ್ಸ್ ಕೊಯ್ನ್ ಮತ್ತು ಸಂಗಡಿಗರು 2007ರಲ್ಲಿ ತಾಳೆ ಹಾಕಿದರು. ಅಷ್ಟರೊಳಗೆ 646 ಮಂದಿ ತೀರಿಕೊಂಡಿದ್ದರು. ಗೆಲುವಾಗಿದ್ದವರು ಹೆಚ್ಚು ಕಾಲ, ಕುಗ್ಗಿದವರು ಕಡಿಮೆ ಕಾಲ ಬದುಕಿದರೆಂಬ ಸಂಬಂಧ ಅಲ್ಲಿ ಕಾಣಲಿಲ್ಲ. ಅದಕ್ಕೂ ಮೊದಲು, 1989ರಲ್ಲಿ, ಡೇವಿಡ್ ಸ್ಪೀಗೆಲ್ ತಂಡ ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರ ಅಧ್ಯಯನ ಪ್ರಕಟಿಸಿತ್ತು. ವಾರಕ್ಕೊಮ್ಮೆ ಗುಂಪಾಗಿ ಕೂತು ಮಾತಾಡಿಕೊಂಡವರು ಸರಾಸರಿ 36.6 ತಿಂಗಳು, ಉಳಿದವರು 18.9 ತಿಂಗಳು ಬದುಕಿದರು ಎಂಬ ಆ ಫಲಿತಾಂಶ ಬಹಳ ಸುದ್ದಿಯಾಯಿತು. 2001ರಲ್ಲಿ ಪಮೇಲಾ ಗುಡ್ವಿನ್ ತಂಡ 235 ಮಹಿಳೆಯರೊಂದಿಗೆ ಅದನ್ನೇ ಮತ್ತೆ ಮಾಡಿ ನೋಡಿದಾಗ ಆಯುಸ್ಸು ಹೆಚ್ಚಲಿಲ್ಲ. ಆದರೆ ಗುಂಪಿನಲ್ಲಿದ್ದವರ ಸಂಕಟ ಇಳಿಯಿತು, ನೋವೂ ಕಡಿಮೆ ಅನ್ನಿಸಿತು. ಆರಂಭದಲ್ಲಿ ಹೆಚ್ಚು ಸಂಕಟದಲ್ಲಿದ್ದವರಿಗೆ ಹೆಚ್ಚು ಪ್ರಯೋಜನವಾಯಿತು. ಸ್ಪೀಗೆಲ್ ಫಲಿತಾಂಶಕ್ಕೆ ಸಿಕ್ಕಷ್ಟು ಪ್ರಚಾರ ಗುಡ್ವಿನ್ ಫಲಿತಾಂಶಕ್ಕೆ ಸಿಗಲಿಲ್ಲ. ನಮ್ಮ ಕೆಲಸಕ್ಕೆ ಆಧಾರ ಮಾತ್ರ ಆ ಎರಡನೆಯದೇ.

ಮನೋಬಲದ ಕಥೆ ಕೇಳಲು ಹಿತವಾಗಿರುತ್ತದೆ. ಕಾಯಿಲೆ ವಾಪಸ್ ಬಂದ ದಿನ ಅದರ ಬೆಲೆ ಗೊತ್ತಾಗುತ್ತದೆ. ‘ನಾನೇ ಎಲ್ಲೋ ಮನಸ್ಸು ಸಡಿಲ ಬಿಟ್ಟೆ’ ಎಂಬ ಲೆಕ್ಕಾಚಾರ ಅಂದೇ ಶುರು. ಗಡ್ಡೆ ಮತ್ತೆ ಬರುವುದು ಔಷಧಕ್ಕೆ ಬಗ್ಗದ ಜೀವಕೋಶಗಳು ಎಲ್ಲೋ ಉಳಿದುಕೊಂಡಿದ್ದರಿಂದ. ಒಂದು ರಾತ್ರಿ ಅತ್ತದ್ದರಿಂದ ಅದು ಬೆಳೆಯುವುದಿಲ್ಲ, ಒಂದು ವಾರ ನಕ್ಕಿದ್ದರಿಂದ ಕರಗುವುದೂ ಇಲ್ಲ. ಇದನ್ನು ಬಾಯಿಬಿಟ್ಟು ಹೇಳಿದಾಗ ಎಷ್ಟೋ ಮಂದಿಗೆ ಆಗುವ ನಿರಾಳ, ಯಾವ ಹುರಿದುಂಬಿಸುವ ಭಾಷಣದಿಂದಲೂ ಆಗುವುದಿಲ್ಲ.

ಹಾಗಿದ್ದರೆ ಭರವಸೆ ಎಂದರೆ ಏನು? ಕೇ ಹರ್ತ್ ಎಂಬ ನರ್ಸಿಂಗ್ ಸಂಶೋಧಕಿ 1992ರಲ್ಲಿ ಭರವಸೆಯನ್ನು ಅಳೆಯಲು 12 ಪ್ರಶ್ನೆಗಳ ಒಂದು ಸೂಚಿ ಪ್ರಕಟಿಸಿದರು; ಕನಿಷ್ಠ 12, ಗರಿಷ್ಠ 48 ಅಂಕ. ಗುರಿಗಳಿವೆಯೇ, ಒಂಟಿ ಅನ್ನಿಸುತ್ತಿದೆಯೇ, ಹಳೆಯ ಸುಖದ ನೆನಪುಗಳು ಬರುತ್ತವೆಯೇ, ಪ್ರೀತಿ ಕೊಡಲು ಪಡೆಯಲು ಆಗುತ್ತಿದೆಯೇ, ಬದುಕಿಗೆ ಬೆಲೆಯಿದೆ ಅನ್ನಿಸುತ್ತದೆಯೇ ಎಂಬಂಥ ಪ್ರಶ್ನೆಗಳು. ‘ಗುಣವಾಗುತ್ತದೆ ಎಂದು ನಂಬಿದ್ದೀರಾ’ ಎಂಬ ಪ್ರಶ್ನೆ ಹನ್ನೆರಡರಲ್ಲಿ ಒಂದೂ ಇಲ್ಲ. ಗುಣವಾಗುವ ಆಸೆ ಬಿಟ್ಟ ಮೇಲೂ ಭರವಸೆಗೆ ಅಷ್ಟು ಜಾಗ ಉಳಿದಿರುತ್ತದೆ.

ಆ ಜಾಗವನ್ನು ತುಂಬುವುದು ಬಹಳ ಮಟ್ಟಿಗೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ಮಾಡುವ ಕೆಲಸ. 21 ದಿನದ ಕೀಮೋ ಸುತ್ತು ಎಂದಿಟ್ಟುಕೊಳ್ಳಿ. ಮೊದಲ ನಾಲ್ಕೈದು ದಿನ ವಾಕರಿಕೆ, ಸುಸ್ತು. ಸುಮಾರು 7ರಿಂದ 14ನೇ ದಿನದವರೆಗೆ ಬಿಳಿ ರಕ್ತಕಣ ತಳ ಮುಟ್ಟುವುದರಿಂದ ಸೋಂಕಿನ ಭಯ, ಜನಜಂಗುಳಿ ಬೇಡ. ಮೂರನೇ ವಾರ ಬಹಳಷ್ಟು ಮಂದಿಗೆ ಒಳ್ಳೆಯ ವಾರ. ಮಾಡಬೇಕೆಂದುಕೊಂಡದ್ದು, ನೋಡಬೇಕಾದವರು, ಮುಗಿಸಬೇಕಾದ ಕಾಗದಪತ್ರ, ಎಲ್ಲವನ್ನೂ ಆ ಮೂರನೇ ವಾರಕ್ಕೆ ಇಟ್ಟುಕೊಳ್ಳಬೇಕು. ಔಷಧದ ಮೇಲೆ ಈ ದಿನಗಳು ಹೆಚ್ಚುಕಡಿಮೆ ಆಗುತ್ತವೆ. ಎರಡು ಸುತ್ತು ದಿನಚರಿ ಬರೆದಿಟ್ಟರೆ ತಮ್ಮ ಒಳ್ಳೆಯ ದಿನಗಳು ಯಾವುವೆಂದು ಅವರವರಿಗೇ ಕಾಣುತ್ತದೆ. ಗುರಿ ಒಂದು ಸುತ್ತಿನೊಳಗೆ ಮುಗಿಯುವಷ್ಟು ಚಿಕ್ಕದಾಗಿರಲಿ. ‘ಮೊಮ್ಮಗನ ಮದುವೆ ನೋಡಬೇಕು’ ಎಂಬ ಆಸೆಯನ್ನು ಕಿತ್ತುಹಾಕಬೇಕಿಲ್ಲ. ಅದರ ಪಕ್ಕದಲ್ಲಿ, ಅಂದು ಅವನಿಗೆ ಕೊಡಬೇಕಾದ ಪತ್ರವನ್ನು ಈ ತಿಂಗಳೇ ಬರೆದಿಡುವ ಗುರಿಯೂ ಇರಲಿ. ಜನ ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಒಂದೇ ದೊಡ್ಡ ದಿನಾಂಕಕ್ಕೆ ಎಲ್ಲವನ್ನೂ ಕಟ್ಟಿಹಾಕಿ, ಅದು ಕಳೆದ ಮರುವಾರ ಕುಸಿಯುವುದು ಒಂದು. ಅದಕ್ಕೇ ಮುಂದಿನ ಸಣ್ಣ ಗುರಿ ಮೊದಲೇ ಗೊತ್ತಿರಬೇಕು. ಇನ್ನೊಂದು, ಚಿಕಿತ್ಸೆ ಮುಗಿದ ದಿನ. ಮನೆಯವರು ಸಂಭ್ರಮದಲ್ಲಿದ್ದಾಗ ಆ ವ್ಯಕ್ತಿ ಮಂಕಾಗಿ ಕೂತಿರುವುದು ಉಂಟು. ನಾಳೆಯಿಂದ ಆಸ್ಪತ್ರೆ ಇಲ್ಲ, ವಾರವಾರ ರಕ್ತಪರೀಕ್ಷೆ ಇಲ್ಲ, ಕಾಯುವವರು ಯಾರೂ ಇಲ್ಲ ಅನ್ನಿಸುವ ಹೊತ್ತು ಅದು. ಫಾಲೋಅಪ್ ತಾರೀಕು, ಫೋನ್ ಮಾಡಬೇಕಾದ ವ್ಯಕ್ತಿ, ಯಾವ ಲಕ್ಷಣಕ್ಕೆ ಫೋನ್ ಮಾಡಬೇಕು ಎಂಬ ಪಟ್ಟಿ, ಇಷ್ಟು ಕೈಲಿದ್ದರೆ ಆ ಮಂಕು ಬೇಗ ಕರಗುತ್ತದೆ.

‘ಎಷ್ಟು ದಿನ ಅಂತ ಹೇಳಿದ್ದಾರೆ?’ ಎಂಬ ಪ್ರಶ್ನೆಗೆ ಬರೋಣ. ಪತ್ರಿಕೆಗಳು ಹೆಚ್ಚು ಹಾನಿ ಮಾಡುವ ಜಾಗ ಇದು. ‘ಈ ಕ್ಯಾನ್ಸರ್ ಬಂದವರು 12 ತಿಂಗಳು ಬದುಕುತ್ತಾರೆ’ ಎಂದು ಅಚ್ಚಾದರೆ, ಓದುವವರು ಅದನ್ನು ಗಡುವು ಎಂದುಕೊಳ್ಳುತ್ತಾರೆ. ಆ 12 ಎಂಬುದು ಮಧ್ಯಾಂಕ: ನೂರು ಮಂದಿಯನ್ನು ಬದುಕಿದ ಅವಧಿಯ ಕ್ರಮದಲ್ಲಿ ನಿಲ್ಲಿಸಿದರೆ ಐವತ್ತನೆಯವರು ನಿಲ್ಲುವ ಜಾಗ. ಉಳಿದರ್ಧ ಮಂದಿ ಅದನ್ನು ದಾಟುತ್ತಾರೆ; ದಾಟಿದವರ ಸಾಲು ಬಲಕ್ಕೆ ಬಹಳ ಉದ್ದ ಚಾಚಿರುತ್ತದೆ. ವಿಕಾಸವಾದದ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ, 40ರ ವಯಸ್ಸಿನಲ್ಲಿ, ಹೊಟ್ಟೆಯ ಮೀಸೋಥೀಲಿಯೋಮಾ ಎಂಬ ಅಪರೂಪದ ಕ್ಯಾನ್ಸರ್ ಪತ್ತೆಯಾದಾಗ ಪುಸ್ತಕಗಳಲ್ಲಿದ್ದ ಮಧ್ಯಾಂಕ 8 ತಿಂಗಳು. ಅವರು 20 ವರ್ಷ ಬದುಕಿ, 2002ರಲ್ಲಿ ಬೇರೆಯೇ ಒಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಎಲ್ಲರಿಗೂ ಹಾಗಾಗುತ್ತದೆ ಎಂದು ಹೇಳಲು ಈ ಉದಾಹರಣೆ ಕೊಡುತ್ತಿಲ್ಲ. ಆ ಉದ್ದನೆಯ ಸಾಲಿನ ತುದಿಯಲ್ಲೂ ಯಾರೋ ನಿಂತಿರುತ್ತಾರೆ ಎಂಬುದಕ್ಕಷ್ಟೇ.

ಮುಂದುವರಿದ ಕ್ಯಾನ್ಸರ್‌ನಲ್ಲಿ ಮಧ್ಯಾಂಕವನ್ನು ಬಿಡಿಸಿ ಹೇಳುವ ಒಂದು ಸರಳ ಲೆಕ್ಕವನ್ನು ಮಾರ್ಟಿನ್ ಸ್ಟಾಕ್ಲರ್, ಬೆಲಿಂಡಾ ಕೀಲಿ ಮೊದಲಾದ ವೈದ್ಯರು ರೂಪಿಸಿದ್ದಾರೆ. ಮಧ್ಯಾಂಕ 12 ತಿಂಗಳಾದರೆ, ಅದರ ಅರ್ಧ 6, ಎರಡರಷ್ಟು 24. ಸುಮಾರು ಅರ್ಧದಷ್ಟು ಮಂದಿ ಈ 6ರಿಂದ 24 ತಿಂಗಳ ನಡುವೆ ಇರುತ್ತಾರೆ. ನೂರರಲ್ಲಿ ಐದರಿಂದ ಹತ್ತು ಮಂದಿ ಮೂರರಿಂದ ನಾಲ್ಕರಷ್ಟು, ಎಂದರೆ 36ರಿಂದ 48 ತಿಂಗಳು ಅಥವಾ ಇನ್ನೂ ಹೆಚ್ಚು ಇರುತ್ತಾರೆ. ಅಷ್ಟೇ ಮಂದಿ ಕಾಲುಭಾಗಕ್ಕಿಂತ ಕಡಿಮೆ, ಮೂರು ತಿಂಗಳೊಳಗೇ ತೀರಿಕೊಳ್ಳುತ್ತಾರೆ. ಹೀಗೆ ಮೂರು ಸಾಲಿನಲ್ಲಿ ಹೇಳಿದರೆ ಒಳ್ಳೆಯದಕ್ಕೆ ಆಸೆಪಡಲು ಎಡೆಯಿರುತ್ತದೆ, ಕೆಟ್ಟದ್ದಕ್ಕೆ ತಯಾರಿ ಮಾಡಿಕೊಳ್ಳಲೂ ಆಗುತ್ತದೆ. ಒಂದು ಎಚ್ಚರ: ಔಷಧ ಪ್ರಯೋಗಗಳಿಗೆ ಸೇರಿಸಿಕೊಳ್ಳುವುದು ತಕ್ಕಮಟ್ಟಿಗೆ ಗಟ್ಟಿಯಾಗಿರುವವರನ್ನು. ಹಾಸಿಗೆ ಹಿಡಿದವರಿಗೆ ಅಲ್ಲಿನ ಮಧ್ಯಾಂಕ ಹೊಂದುವುದಿಲ್ಲ.

ವೈದ್ಯರ ಬಾಯಲ್ಲೂ ಅಂಕಿ ಜಾರುತ್ತದೆ, ಅದೂ ಹೆಚ್ಚಾಗಿ ಒಂದೇ ದಿಕ್ಕಿಗೆ. 2000ದಲ್ಲಿ ಪ್ರಕಟವಾದ ಕ್ರಿಸ್ಟಾಕಿಸ್ ಮತ್ತು ಲ್ಯಾಮಂಟ್ ಅಧ್ಯಯನದಲ್ಲಿ, ಹಾಸ್ಪೈಸ್ ಎಂಬ ಕೊನೆಗಾಲದ ಆರೈಕೆಗೆ ಬಂದ 468 ಮಂದಿಯ ಬಗ್ಗೆ ಅವರ ವೈದ್ಯರು ಹೇಳಿದ ಅವಧಿಯಲ್ಲಿ ಸರಿಯಾಗಿದ್ದುದು ಶೇ 20. ಶೇ 63 ಭವಿಷ್ಯ ಅತಿ ಆಶಾವಾದದ್ದಾಗಿತ್ತು. 2012ರಲ್ಲಿ ಜೇನ್ ವೀಕ್ಸ್ ತಂಡ ಹರಡಿದ ಕ್ಯಾನ್ಸರ್‌ಗೆ ಕೀಮೋ ಪಡೆಯುತ್ತಿದ್ದ 1,193 ಮಂದಿಯನ್ನು ವಿಚಾರಿಸಿದಾಗ, ಆ ಕೀಮೋದಿಂದ ಕಾಯಿಲೆ ಪೂರ್ತಿ ವಾಸಿಯಾಗುವ ಸಂಭವ ಇಲ್ಲ ಎಂಬುದನ್ನು ತಿಳಿದಿದ್ದಂತೆ ಕಾಣದವರು ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಶೇ 69, ಕರುಳಿನ ಕ್ಯಾನ್ಸರ್‌ನಲ್ಲಿ ಶೇ 81. ಸುಳ್ಳು ಹೇಳಿದವರು ಯಾರೂ ಇಲ್ಲದಿರಬಹುದು. ಒಬ್ಬರು ಕೆಟ್ಟದ್ದನ್ನು ತಗ್ಗಿಸಿ ಹೇಳುತ್ತಾರೆ, ಇನ್ನೊಬ್ಬರು ಒಳ್ಳೆಯದನ್ನು ಹಿಗ್ಗಿಸಿ ಕೇಳಿಸಿಕೊಳ್ಳುತ್ತಾರೆ.

‘ಅವರಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ’ ಎಂದು ಬಾಗಿಲಾಚೆ ನಿಂತು ಕೇಳಿಕೊಳ್ಳುವ ಮನೆಯವರ ಮೇಲೆ ನಮಗೆ ಸಿಟ್ಟಿಲ್ಲ. ಅದು ಪ್ರೀತಿಯಿಂದ ಬಂದ ಮಾತು. ಆದರೆ ರೋಗಿಗೆ ತಿಳಿದುಬಿಡುತ್ತದೆ. ಬಟ್ಟೆ ಸಡಿಲವಾಗುವುದರಿಂದ, ವಿಭಾಗದ ಹೆಸರಿನ ಫಲಕದಿಂದ, ಬಂದವರ ಮುಖದಿಂದ. ಆಮೇಲೆ ಒಂದೇ ಮನೆಯಲ್ಲಿ ಎರಡು ನಾಟಕ: ಅವರಿಗೆ ಗೊತ್ತಿಲ್ಲ ಎಂದು ಇವರು, ಗೊತ್ತಿಲ್ಲದವರ ಹಾಗೆ ಅವರು. ಇಬ್ಬರೂ ಒಬ್ಬೊಬ್ಬರೇ ಅಳುತ್ತಾರೆ. ಇದಕ್ಕೆ ಎಲ್ಲವನ್ನೂ ಒಮ್ಮೆಲೇ ಸುರಿದುಬಿಡುವುದೂ ಮದ್ದಲ್ಲ. ಮೊದಲು ಕೇಳಬೇಕು: ‘ಕಾಯಿಲೆ ಬಗ್ಗೆ ನಿಮಗೆ ಏನು ಗೊತ್ತಾಗಿದೆ?’ ಆಮೇಲೆ: ‘ಎಲ್ಲ ವಿವರ ನಿಮಗೇ ಹೇಳಲೋ, ಮನೆಯಲ್ಲಿ ಬೇರೆ ಯಾರಿಗಾದರೂ ಹೇಳಲೋ?’ ಬೇಡ ಎಂದವರಿಗೆ ಬೇಡ. ಎರಡು ವಾರ ಬಿಟ್ಟು ಇನ್ನೊಮ್ಮೆ ಕೇಳಿದರೆ ಸಾಕು. ಕೆಟ್ಟ ಸುದ್ದಿಯ ಮೊದಲ ವಾಕ್ಯ ಹೇಳಿದ ಮೇಲೆ ಸುಮ್ಮನಿರುವುದು ಎಲ್ಲಕ್ಕಿಂತ ಕಷ್ಟದ ಭಾಗ. ಆ ಮೌನ ತಾಳಲಾರದೆ ವೈದ್ಯರು ಚಿಕಿತ್ಸೆಯ ವಿವರಕ್ಕೆ ಹಾರುತ್ತಾರೆ, ರೋಗಿಯ ಕಿವಿಗೆ ಅದೊಂದೂ ಬೀಳುವುದಿಲ್ಲ. ಚಿಕಿತ್ಸೆಯ ಮಾತಿಗೆ ಎರಡು ದಿನ ಬಿಟ್ಟು ಬೇರೆ ಸಮಯ ಕೊಡಬೇಕು, ಜೊತೆಗೊಬ್ಬರು ಬರಬೇಕು, ಒಂದು ಹಾಳೆಯಲ್ಲಿ ಬರೆದು ಕೊಡಬೇಕು.

ಮಕ್ಕಳ ವಿಷಯಕ್ಕೂ ಎರಡು ಮಾತು. ಕೇಳಲಿ ಬಿಡಲಿ, ಅವರ ತಲೆಯಲ್ಲಿ ಸಾಮಾನ್ಯವಾಗಿ ಓಡುವುದು ಮೂರು ಪ್ರಶ್ನೆ: ಇದು ನನ್ನಿಂದ ಆಯಿತೇ, ನನಗೂ ಅಂಟುತ್ತದೆಯೇ, ನನ್ನನ್ನು ಯಾರು ನೋಡಿಕೊಳ್ಳುತ್ತಾರೆ? ಕಾಯಿಲೆಯ ಹೆಸರು ಹೇಳಿಯೇ ಈ ಮೂರಕ್ಕೂ ಉತ್ತರ ಕೊಡಿ. ‘ಅಪ್ಪ ದೂರ ಹೋಗ್ತಾರೆ’, ‘ಮಲಗ್ತಾರೆ’ ಎಂಬ ಸುತ್ತುಮಾತು ಕೇಳಿದ ಮಗು ಆಮೇಲೆ ನಿದ್ದೆಗೇ ಹೆದರುತ್ತದೆ.

ರಾತ್ರಿ ಮೂರು ಗಂಟೆಯ ಯೋಚನೆಗಳಿವೆಯಲ್ಲ, ‘ನಾನೇ ಯಾಕೆ’, ‘ಇಷ್ಟು ದಿನ ಬದುಕಿದ್ದಕ್ಕೆ ಏನರ್ಥ’, ‘ನಾನಿಲ್ಲದಿದ್ದರೆ ಏನೂ ನಿಲ್ಲುವುದಿಲ್ಲವಲ್ಲ’ ಎಂಬವು, ಅವನ್ನು ತತ್ವಜ್ಞಾನ ಎಂದು ಸ್ವೀಕರಿಸುವ ಮುನ್ನ ಮಾತ್ರೆಯ ಚೀಟಿ ಒಮ್ಮೆ ನೋಡಬೇಕು. ವಾಕರಿಕೆಗೆಂದು ಕೀಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್ ಸಂಜೆ ನುಂಗಿದರೆ ನಿದ್ದೆ ಹಾರುತ್ತದೆ, ಮನಸ್ಸು ಕುದುರೆಯಾಗುತ್ತದೆ. ನಿಲ್ಲಿಸಿದ ಮೇಲೆ ಎರಡು ಮೂರು ದಿನ ಪಾತಾಳಕ್ಕೆ ಇಳಿಯುತ್ತದೆ. ವೈದ್ಯರನ್ನು ಕೇಳಿ ದಿನದ ಪ್ರಮಾಣವನ್ನು ಮಧ್ಯಾಹ್ನದೊಳಗೆ ಮುಗಿಸುವಂತೆ ಬದಲಿಸಿಕೊಳ್ಳಬಹುದು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಕೆಲವರನ್ನು ಕೂತಲ್ಲಿ ಕೂರಲು, ಮಲಗಿದಲ್ಲಿ ಮಲಗಲು ಬಿಡುವುದಿಲ್ಲ. ಮನೆಯವರು ಅದನ್ನು ಸಾವಿನ ಭಯ ಎಂದುಕೊಳ್ಳುತ್ತಾರೆ, ಔಷಧ ಬದಲಿಸಿದರೆ ಅದು ಹೋಗುತ್ತದೆ. ಕತ್ತಿಗೆ ರೇಡಿಯೇಶನ್ ಆದವರಲ್ಲಿ ಅಥವಾ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಚಿಕಿತ್ಸೆ) ಪಡೆದವರಲ್ಲಿ ಥೈರಾಯ್ಡ್ ಕುಗ್ಗಿ ಉತ್ಸಾಹ ಇಂಗಬಹುದು. ಮೂಳೆಗೆ ಹರಡಿದವರಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಮಲಬದ್ಧತೆ, ಮಬ್ಬು ಕಾಣಿಸಿಕೊಳ್ಳಬಹುದು. ಬೆಳಿಗ್ಗೆ ಸರಿಯಿದ್ದು ಸಂಜೆ ಗೊಂದಲ, ಮತ್ತೆ ಸರಿ, ಮತ್ತೆ ಗೊಂದಲ ಎಂಬಂತಿದ್ದರೆ ಅದು ಖಿನ್ನತೆಯಲ್ಲ, ಕಾಯಿಲೆಯಿಂದಲೋ ಔಷಧದಿಂದಲೋ ಪ್ರಜ್ಞೆ ಮಬ್ಬಾಗುವ ಡಿಲೀರಿಯಂ. ಅಂದೇ ವೈದ್ಯರಿಗೆ ತಿಳಿಸಬೇಕು. ತಡೆಯಲಾಗದ ನೋವಿನಲ್ಲಿರುವವರಿಗೆ ಧೈರ್ಯ ಹೇಳುವುದಂತೂ ಕ್ರೌರ್ಯ. ಮೊದಲು ನೋವು ಇಳಿಸಿ.

ಇವೆಲ್ಲ ಇಲ್ಲದಿದ್ದರೆ ಖಿನ್ನತೆ ಇದೆಯೇ ನೋಡಬೇಕು. ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಎಲ್ಲೆಡೆ ಬಳಕೆಯಲ್ಲಿದೆ. 27ಕ್ಕೆ 10 ಅಥವಾ ಹೆಚ್ಚು ಅಂಕ ಬಂದರೆ ಪರಿಶೀಲಿಸಬೇಕು ಎನ್ನುತ್ತಾರೆ. ತೊಡಕೇನೆಂದರೆ ನಿದ್ದೆ, ಸುಸ್ತು, ಹಸಿವು, ಏಕಾಗ್ರತೆಯ ಪ್ರಶ್ನೆಗಳಿಗೆ ಕೀಮೋದಲ್ಲಿರುವ ಯಾರೇ ಆದರೂ ‘ಹೌದು’ ಎನ್ನುತ್ತಾರೆ. ಹಾಗಾಗಿ ಎರಡು ಪ್ರಶ್ನೆಗಳ ತೂಕ ಹೆಚ್ಚು: ಎರಡು ವಾರದಿಂದ ಮನಸ್ಸು ಕುಗ್ಗಿದೆಯೇ, ಹಿಂದೆ ಇಷ್ಟವಿದ್ದುದರಲ್ಲಿ ಈಗ ಏನೂ ರುಚಿಸುತ್ತಿಲ್ಲವೇ? ಖಿನ್ನತೆಯ ಔಷಧಕ್ಕೆ ಎರಡರಿಂದ ಆರು ವಾರ ಬೇಕು. ‘ಒಂದು ವಾರ ನುಂಗಿದೆ, ಏನೂ ಆಗಲಿಲ್ಲ’ ಎಂದು ಬಿಡುವವರಿದ್ದಾರೆ. ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮನೋವೈದ್ಯರಿಗೆ ಹೇಳಲೇಬೇಕು. ಪ್ಯಾರಾಕ್ಸೆಟಿನ್, ಫ್ಲುವಾಕ್ಸೆಟಿನ್‌ಗಳು ಟ್ಯಾಮಾಕ್ಸಿಫೆನ್ ದೇಹದಲ್ಲಿ ಸಕ್ರಿಯವಾಗುವುದಕ್ಕೆ ಅಡ್ಡಿಯಾಗುತ್ತವೆ, ಬೇರೆ ಔಷಧಗಳಿವೆ. ಇನ್ನು ‘ಸಾಕಪ್ಪಾ, ಬೇಗ ಹೋದರೆ ಸಾಕು’ ಎಂಬ ಮಾತು ಬಂದರೆ, ‘ನಿಮ್ಮ ಜೀವಕ್ಕೆ ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಇದೆಯೇ’ ಎಂದು ನೇರ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಗೆ, ಯಾವಾಗ ಎಂದು ಯೋಜಿಸಿದ್ದಾರೆ ಎಂದಾದರೆ ಒಂಟಿಯಾಗಿ ಬಿಡಬೇಡಿ, ಮಾತ್ರೆಗಳನ್ನು ಎತ್ತಿಡಿ, ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ.

ಖಿನ್ನತೆಯೂ ಅಲ್ಲದ, ದೇಹದ ಕಾರಣವೂ ಇಲ್ಲದ ಇನ್ನೊಂದು ಸ್ಥಿತಿಯಿದೆ. ಮೊಮ್ಮಗು ಆಡಿದರೆ ನಗು ಬರುತ್ತದೆ, ಹಳೆಯ ಗೆಳೆಯ ಬಂದರೆ ಮುಖ ಅರಳುತ್ತದೆ. ಅವನು ಹೋದ ಮೇಲೆ ‘ಇದೆಲ್ಲ ಯಾಕೆ?’ ಡೇವಿಡ್ ಕಿಸ್ಸೇನ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಖಿನ್ನತೆಯಿಂದ ಬೇರ್ಪಡಿಸಿ ವಿವರಿಸಿದರು. ಸ್ಥೈರ್ಯ ಉಡುಗಿಹೋಗಿರುವುದು ಎಂದು ಕರೆಯಬಹುದು. ಖಿನ್ನತೆಯಲ್ಲಿ ಈ ಕ್ಷಣದ ಸುಖವೇ ಒಣಗಿರುತ್ತದೆ. ಇಲ್ಲಿ ಕ್ಷಣ ಹಸಿರಾಗಿದೆ, ಮುಂದಿನ ದಾರಿ ಕಾಣುತ್ತಿಲ್ಲ. ಮಾತ್ರೆಯೊಂದರಿಂದಲೇ ಇದು ಬಗೆಹರಿಯುವುದಿಲ್ಲ. ನಾಜಿ ಶಿಬಿರಗಳಿಂದ ಬದುಕಿ ಬಂದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಅವರ ಚಿಂತನೆಯನ್ನು ಆಧರಿಸಿ ನ್ಯೂಯಾರ್ಕಿನ ವಿಲಿಯಂ ಬ್ರೈಟ್‌ಬಾರ್ಟ್ ರೂಪಿಸಿದ ಅರ್ಥಕೇಂದ್ರಿತ ಚಿಕಿತ್ಸೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಗುಂಪಿನಲ್ಲಾದರೆ ವಾರಕ್ಕೊಂದರಂತೆ ಎಂಟು ಬೈಠಕ್, ಒಬ್ಬೊಬ್ಬರಿಗಾದರೆ ಏಳು. ಮಾತು ನಾಲ್ಕು ಒರತೆಗಳ ಸುತ್ತ ಸಾಗುತ್ತದೆ: ಪಡೆದದ್ದು ಮತ್ತು ಬಿಟ್ಟುಹೋಗುವುದು, ತಪ್ಪಿಸಲಾಗದ್ದನ್ನು ಎದುರಿಸುವ ರೀತಿ, ಮಾಡಿದ ಕೆಲಸ ಮತ್ತು ಹೊತ್ತ ಹೊಣೆ, ಪ್ರೀತಿ-ಚೆಲುವು-ನಗುಗಳ ಅನುಭವ. ಮೂರನೆಯದರಲ್ಲಿ ಮಾತು ಹೆಚ್ಚು ಸಿಕ್ಕಿಕೊಳ್ಳುತ್ತದೆ. ದುಡಿಮೆಯೇ ತಾನು ಎಂದು ಬದುಕಿದವರಿಗೆ ದುಡಿಯಲಾಗದ ದೇಹದಲ್ಲಿ ತನ್ನ ಗುರುತೇ ಸಿಗುವುದಿಲ್ಲ. ಆಗ ನಾಲ್ಕನೆಯದಕ್ಕೆ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಅದನ್ನು ಮಲಗಿಕೊಂಡೂ ಪಡೆಯಬಹುದು.

ಟೊರಾಂಟೊದ ಗ್ಯಾರಿ ರೋಡಿನ್ ತಂಡದ ಇನ್ನೊಂದು ಪದ್ಧತಿಯಲ್ಲಿ ಮೂರರಿಂದ ಆರು ಭೇಟಿಗಳಿರುತ್ತವೆ. 2018ರಲ್ಲಿ ಪ್ರಕಟವಾದ 305 ಮಂದಿಯ ಪ್ರಯೋಗದಲ್ಲಿ ಇದರಿಂದ ಖಿನ್ನತೆಯ ಲಕ್ಷಣಗಳು ಕಡಿಮೆಯಾದವು. ಆ ತಂಡ ಒತ್ತಿ ಹೇಳುವ ಒಂದು ವಿಚಾರ ಮನೆಮನೆಗೆ ತಲುಪಬೇಕು: ಬದುಕುವ ಯೋಚನೆ, ಸಾಯುವ ಯೋಚನೆ ಎರಡೂ ಒಂದೇ ಮನಸ್ಸಿನಲ್ಲಿ ಅಕ್ಕಪಕ್ಕ ಕೂರಬಲ್ಲವು. ಬೆಳಿಗ್ಗೆ ಉಯಿಲು ಬರೆದು ಮಧ್ಯಾಹ್ನ ಮುಂದಿನ ವರ್ಷದ ಪ್ರವಾಸಕ್ಕೆ ಟಿಕೆಟ್ ನೋಡುವವರಿಗೆ ತಲೆ ಕೆಟ್ಟಿಲ್ಲ, ಅವರು ಸತ್ಯವನ್ನು ನಿರಾಕರಿಸುತ್ತಲೂ ಇಲ್ಲ. ಸಾವಿನೆದುರು ನಿಂತವರ ಬಗ್ಗೆ ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಹೇಳಿದ ಐದು ಹಂತಗಳನ್ನು (ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು) ಮೆಟ್ಟಿಲೆಂದು ತಿಳಿದು, ‘ಇವರು ಇನ್ನೂ ಎರಡನೇ ಹಂತದಲ್ಲಿದ್ದಾರೆ’ ಎಂದು ದರ್ಜೆ ಕೊಡುವವರು ಇದನ್ನು ಗಮನಿಸಬೇಕು. ಒಂದೇ ದಿನದಲ್ಲಿ ಐದೂ ಬಂದು ಹೋಗುತ್ತವೆ.

ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಕೆನಡಾದ ಹಾರ್ವೆ ಚೋಚಿನೋವ್ ಅವರ ಘನತೆಯ ಚಿಕಿತ್ಸೆಯಲ್ಲಿದೆ. ಮೂಲದಲ್ಲಿ ತರಬೇತಾದವರು ಮಾಡುತ್ತಾರೆ, ಸಾರವನ್ನು ಯಾರೂ ಎತ್ತಿಕೊಳ್ಳಬಹುದು. ಪ್ರಶ್ನೆಗಳನ್ನು ಎರಡು ದಿನ ಮೊದಲೇ ಕೊಡಿ: ನಿಮಗೆ ಜೀವ ತುಂಬಿ ಬಂದಿದ್ದ ಕಾಲ ಯಾವುದು? ನೀವು ಹೊತ್ತ ಪಾತ್ರಗಳಲ್ಲಿ ಯಾವುದು ಮುಖ್ಯವಾಗಿತ್ತು? ನಿಮ್ಮ ಬಗ್ಗೆ ಮನೆಯವರಿಗೆ ಏನು ನೆನಪಿರಬೇಕು? ಯಾರಿಗೆ ಏನು ಹೇಳುವುದು ಬಾಕಿಯಿದೆ? ನೋವಿನ ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತು ನೋಡಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಅರ್ಧ ಗಂಟೆಯಿಂದ ಒಂದು ಗಂಟೆ. ಇಪ್ಪತ್ತು ನಿಮಿಷಕ್ಕೆ ದಣಿದರೆ ನಿಲ್ಲಿಸಿ ಮರುದಿನ ಮುಂದುವರಿಸಿ. ಎರಡು ಮೂರು ದಿನದೊಳಗೆ ಅಕ್ಷರಕ್ಕೆ ಇಳಿಸಿ, ತಡವರಿಕೆ ತೆಗೆದು, ಹಿಂದುಮುಂದಾದ ಘಟನೆಗಳನ್ನು ಜೋಡಿಸಿ, ಪೂರ್ತಿ ಓದಿ ಹೇಳಿ, ತಿದ್ದಿಸಿ, ಯಾರಿಗೆ ಸೇರಬೇಕೋ ಅವರ ಹೆಸರು ಬರೆಸಿಕೊಳ್ಳಿ. ಕೆಡುವುದೆಲ್ಲಿ? ತೀರಾ ತಡ ಮಾಡುವುದರಲ್ಲಿ. ಉಸಿರು ಕಡಿಮೆಯಾಗಿ ಮಬ್ಬು ಕವಿದ ಮೇಲೆ ಆಗುವುದಿಲ್ಲ. ಮಗ್ಗುಲಲ್ಲಿ ಹೆಂಡತಿಯೋ ಮಗನೋ ಕೂತಿದ್ದರೆ ಮಾತು ನಯವಾಗಿಬಿಡುತ್ತದೆ; ಕೇಳುವವರು ಸ್ವಲ್ಪ ಹೊರಗಿನವರಾದರೆ ಒಳ್ಳೆಯದು. ಸಿಟ್ಟಿನ ಭರದಲ್ಲಿ ಮಗಳ ಬಗ್ಗೆಯೋ ತಮ್ಮನ ಬಗ್ಗೆಯೋ ಬಂದ ಕಟು ಮಾತನ್ನು ಹಾಗೇ ಉಳಿಸಬೇಡಿ. ‘ಇದನ್ನು ಅವರು ಮುಂದೆ ಎಷ್ಟೋ ವರ್ಷ ಓದುತ್ತಾರೆ, ಇರಲಾ?’ ಎಂದು ಕೇಳಿ. 2005ರ ಅಧ್ಯಯನದಲ್ಲಿ ನೂರು ಮಂದಿಯಲ್ಲಿ 91 ಮಂದಿ ತೃಪ್ತಿ ಸೂಚಿಸಿದರು, 76 ಮಂದಿ ಘನತೆಯ ಭಾವ ಹೆಚ್ಚಿತೆಂದರು. 2011ರ ದೊಡ್ಡ ಪ್ರಯೋಗದಲ್ಲಿ ಸಂಕಟದ ಅಳತೆಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಬರೆದಿಟ್ಟ ಹಾಳೆ ಮಾತ್ರ ಮನೆಯವರ ಕೈಯಲ್ಲಿ ಉಳಿಯುತ್ತದೆ.

‘ನಾನು ಸಾಯ್ತೀನಾ?’ ಎಂಬ ಪ್ರಶ್ನೆಗೆ ‘ಛೆ, ಬಿಡ್ತು ಅನ್ನಿ’ ಎನ್ನುವುದು ನಮ್ಮೆಲ್ಲರ ಬಾಯಿಗೆ ತಾನಾಗಿ ಬರುತ್ತದೆ. ಬದಲಿಗೆ ‘ಯಾವುದರ ಭಯ ಹೆಚ್ಚು ಕಾಡುತ್ತಿದೆ?’ ಎಂದು ಕೇಳಿ ನೋಡಿ. ಸಾವಿನ ಭಯ ಎಂಬ ಒಂದು ಗಂಟು ಬಿಚ್ಚಿ ನಾಲ್ಕೈದು ಎಳೆಯಾಗುತ್ತದೆ. ನೋವಿನ ಭಯಕ್ಕೆ ಮಾರ್ಫಿನ್ ಇದೆ: ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ, ನಡುವೆ ಉಕ್ಕಿಬರುವ ನೋವಿಗೆ ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗದಷ್ಟು ಹೆಚ್ಚುವರಿ, ಎಲ್ಲವೂ ವೈದ್ಯರು ಬರೆದಂತೆ. ಆರಂಭದ ವಾಕರಿಕೆ ಕೆಲವು ದಿನದಲ್ಲಿ ಇಳಿಯುತ್ತದೆ, ಮಲಬದ್ಧತೆ ಇಳಿಯುವುದಿಲ್ಲ. ಹಾಗಾಗಿ ಮೊದಲ ದಿನದಿಂದಲೇ ಅದಕ್ಕೂ ಔಷಧ ಬೇಕು. ಮಾರ್ಫಿನ್ ಬಿಡುವ ಎಷ್ಟೋ ಮಂದಿ ನೋವು ತಾಳಿಕೊಂಡು ಬಿಟ್ಟವರಲ್ಲ, ಹೊಟ್ಟೆ ಕಟ್ಟಿ ಬಿಟ್ಟವರು. ಉಸಿರು ಕಟ್ಟುವ ಭಯಕ್ಕೆ ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನ್‌ನ ಗಾಳಿಯನ್ನು ಸುಮಾರು 15 ಸೆಂ.ಮೀ. ದೂರದಿಂದ ಮೂಗು, ಕೆನ್ನೆಗಳ ಮೇಲೆ ಐದು ನಿಮಿಷ ಬಿಡುವುದೂ ನೆರವಾಗುತ್ತದೆ. ಹೊರೆಯಾಗುವ ಭಯಕ್ಕೆ, ಅವರಿಂದ ಇನ್ನೂ ಆಗುವ ಒಂದು ಕೆಲಸವನ್ನು ಅವರಿಗೇ ಬಿಡಬೇಕು. ಲೆಕ್ಕ ಬರೆಯುವುದಾಗಲಿ, ಮಗುವಿಗೆ ಪಾಠ ಹೇಳುವುದಾಗಲಿ. ಕೊನೆಗೆ ಉಳಿಯುವುದು ಏನಿದೆಯೋ ಎಂಬ ಎಳೆ. ಅದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿಲ್ಲ, ಪಕ್ಕದಲ್ಲಿ ಕೂರಬಹುದು.

ತಡೆದುಕೊಳ್ಳುವುದನ್ನೇ ಧೈರ್ಯ ಎಂದುಕೊಂಡು ಜೀವಕ್ಕೆ ಆಪತ್ತು ತಂದುಕೊಳ್ಳುವವರಿದ್ದಾರೆ. ಕೀಮೋ ನಡೆಯುತ್ತಿರುವಾಗ 38 ಡಿಗ್ರಿ ಸೆಲ್ಸಿಯಸ್ ಜ್ವರ, ಬೆನ್ನುನೋವಿನ ಜೊತೆ ಕಾಲು ಸೋಲುವುದು ಅಥವಾ ಮೂತ್ರ ಕಟ್ಟುವುದು, ಇದ್ದಕ್ಕಿದ್ದಂತೆ ಏದುಸಿರು, ಇವಕ್ಕೆ ಬೆಳಗಾಗುವವರೆಗೆ ಕಾಯಬಾರದು. ಉಳಿದ ಹೊಸ ನೋವು, ಕೆಮ್ಮುಗಳು ಎರಡು ವಾರ ದಾಟಿದರೆ ತಿಳಿಸಿದರಾಯಿತು. ಈ ಗೆರೆ ಸ್ಪಷ್ಟವಿದ್ದರೆ ದಿನಕ್ಕೆ ಹತ್ತು ಸಲ ಕತ್ತು, ಕಂಕುಳು ತಡವಿಕೊಳ್ಳುವ ಕಾಟ ಕಡಿಮೆಯಾಗುತ್ತದೆ. ಸ್ಕ್ಯಾನ್ ವಾರದ ತಳಮಳಕ್ಕೂ ಇಂಥದೇ ಏರ್ಪಾಡು: ರಿಪೋರ್ಟ್ ಯಾವಾಗ, ಯಾರ ಜೊತೆ ನೋಡುವುದು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ, ರಾತ್ರಿ ಒಬ್ಬರೇ ಫೋನಿನಲ್ಲಿ ತೆರೆಯಬೇಡಿ. ಅದರಲ್ಲಿ ‘ಸ್ಟೇಬಲ್’ ಎಂದಿದ್ದರೆ ‘ಕಡಿಮೆ ಆಗಿಲ್ಲವಲ್ಲ’ ಎಂದು ಕುಸಿಯುವವರು ಬಹಳ. ಅಳತೆಗೆ ಆರಿಸಿದ ಗಡ್ಡೆಗಳ ವ್ಯಾಸಗಳ ಮೊತ್ತ ಶೇ 30ರಷ್ಟು ಇಳಿದಿಲ್ಲ, ಶೇ 20ರಷ್ಟು ಏರಿಯೂ ಇಲ್ಲ ಎಂದು ಅದರ ಅರ್ಥ. ಹರಡಿದ ಕ್ಯಾನ್ಸರ್‌ನಲ್ಲಿ ಅದು ಔಷಧ ಹಿಡಿದು ನಿಲ್ಲಿಸಿದೆ ಎಂಬ ಒಳ್ಳೆಯ ಸುದ್ದಿ.

ಉಪಶಮನ ಆರೈಕೆ ಎಂದೊಡನೆ ‘ಕೈಬಿಟ್ಟರು’ ಎಂದು ಕೇಳಿಸುವುದಕ್ಕೂ ಒಂದು ಮಾತು. 2010ರಲ್ಲಿ ಜೆನಿಫರ್ ಟೆಮೆಲ್ ತಂಡ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಆಗಷ್ಟೇ ಪತ್ತೆಯಾದ 151 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಮೊದಲಿಂದಲೇ ಉಪಶಮನ ಆರೈಕೆ ಕೊಟ್ಟಿತು. ಅವರಲ್ಲಿ ಖಿನ್ನತೆಯ ಲಕ್ಷಣ ಶೇ 16, ಉಳಿದವರಲ್ಲಿ ಶೇ 38. ಬದುಕಿದ ಅವಧಿಯ ಮಧ್ಯಾಂಕ 11.6 ತಿಂಗಳು, ಉಳಿದವರದು 8.9. ಕೈಬಿಟ್ಟರೆ ಹೀಗಾಗುವುದಿಲ್ಲ.

ಪತ್ರಿಕೆಯಿಂದ ನಾವು ಕೇಳುವುದು ಹೆಚ್ಚೇನಿಲ್ಲ. ಬದುಕುಳಿಯುವ ಅವಧಿಯನ್ನು ಅಚ್ಚು ಹಾಕುವಾಗ ಒಂದೇ ಅಂಕಿ ಕೊಡದೆ ಅದರ ಅರ್ಧ, ಎರಡರಷ್ಟು, ಮೂರರಷ್ಟನ್ನೂ ಕೊಡಿ. ಮನೋಬಲದಿಂದ ಗುಣವಾಯಿತು ಎನ್ನುವ ಲೇಖನ ಬಂದರೆ, ಯಾವ ಹಂತದ ಕಾಯಿಲೆ, ಯಾವ ಚಿಕಿತ್ಸೆ ಎಂಬ ಎರಡು ಸಾಲನ್ನು ಲೇಖಕರಿಂದ ಕೇಳಿ ಸೇರಿಸಿ. ವಾಸಿಯಾಗದ ಕ್ಯಾನ್ಸರ್‌ನೊಂದಿಗೆ ಬದುಕುತ್ತಿರುವವರಿಂದಲೂ ಬರೆಸಿ. ಅವರು ಸಿಟ್ಟಿನಿಂದ ಬರೆದರೆ ಸಿಟ್ಟನ್ನು ತಿದ್ದಬೇಡಿ. ನಿಧನ ವಾರ್ತೆಯಲ್ಲಿ ‘ಕ್ಯಾನ್ಸರ್ ವಿರುದ್ಧದ ಹೋರಾಟದಲ್ಲಿ ಸೋತು’ ಎಂಬ ಜಾಗದಲ್ಲಿ ‘ಕ್ಯಾನ್ಸರ್‌ನಿಂದ’ ಎಂದರೆ ಸಾಕು. ಜಾಗವೂ ಉಳಿಯುತ್ತದೆ.

ಇಂತು,
ಉಪಶಮನ ಆರೈಕೆ ಮತ್ತು ಆಪ್ತಸಮಾಲೋಚನೆಯಲ್ಲಿ ತೊಡಗಿರುವ ಕೆಲವರು